ಕಸುಬು ಕಲಿತ ಮೇಲೆ

ಹಳೆಯ ಮಂಗಳೂರು ಹೆಂಚುಗಳನ್ನು ಮಗುಚಿ ನೋಡಿದರೆ ಬಾಸೆಲ್ ಮಿಶನ್ ಹೆಸರಿನ ಜೊತೆಗೆ 1865 ಎಂಬ ಇಸವಿ ಅಚ್ಚಾಗಿರುವುದು ಕಾಣುತ್ತದೆ. ಅದು ಆ ಹೆಂಚು ಬೆಂದ ವರ್ಷವಲ್ಲ, ಕಾರ್ಖಾನೆ ಶುರುವಾದ ವರ್ಷ. ನೇತ್ರಾವತಿಯ ದಡದ ಜಪ್ಪುವಿನಲ್ಲಿ ಜಾರ್ಜ್ ಪ್ಲೆಬ್ಸ್ಟ್ ಎಂಬ ಮಿಶನರಿ ಅದನ್ನು ಆರಂಭಿಸಿದ. ಮುಂದೆ ಕರಾವಳಿಯ ಮನೆಗಳ ರೂಪವನ್ನೇ ಬದಲಿಸಿದ ಈ ಉದ್ಯಮದ ಬಗ್ಗೆ ಬರೆದವರು ಬಹಳ ಮಂದಿ. ಅದು ಯಾಕೆ ಬೇಕಾಯಿತು ಎಂಬ ಪ್ರಶ್ನೆಗೆ ಮಾತ್ರ ಸಾಮಾನ್ಯವಾಗಿ ಒಂದೇ ಸಾಲಿನ ಉತ್ತರ ಸಿಗುತ್ತದೆ: ಮತಾಂತರಗೊಂಡವರಿಗೆ ಕೆಲಸ ಕೊಡಲು. ಈ ಒಂದು ಸಾಲನ್ನು ಸ್ವಲ್ಪ ಬಿಡಿಸಿ ನೋಡಬೇಕು ಅನ್ನಿಸುತ್ತದೆ.

ಬಾಸೆಲ್ ಮಿಶನ್‌ನ ಮೊದಲ ಮೂವರು, ಹೆಬಿಕ್, ಲೆಹ್ನರ್ ಮತ್ತು ಗ್ರೈನರ್, ಮಂಗಳೂರಿಗೆ ಬಂದದ್ದು 1834ರಲ್ಲಿ. ತುಳುನಾಡಿನಲ್ಲಿ ಅವರ ಸಭೆಗೆ ಸೇರಿದವರಲ್ಲಿ ಬಿಲ್ಲವರ ಸಂಖ್ಯೆ ದೊಡ್ಡದು. ಅವರಲ್ಲಿ ಅನೇಕರದ್ದು ಮೂರ್ತೆ ಕೆಲಸ, ಅಂದರೆ ತಾಳೆ, ತೆಂಗಿನ ಮರ ಹತ್ತಿ ಕಳ್ಳು ಇಳಿಸುವುದು. ಜೊತೆಗೆ ಧಣಿಯ ಭೂಮಿಯಲ್ಲಿ ಗೇಣಿ. ಸಭೆಗೆ ಸೇರಿದ ಮರುದಿನವೇ ಈ ಎರಡೂ ಅಲುಗಾಡುತ್ತಿದ್ದವು. ಕಳ್ಳಿನ ಕೆಲಸವನ್ನು ಮಿಶನ್ ಒಪ್ಪುತ್ತಿರಲಿಲ್ಲ, ಭೂತದ ಸೇವೆಗೆ ಬಾರದ ಒಕ್ಕಲನ್ನು ಧಣಿ ಒಪ್ಪುತ್ತಿರಲಿಲ್ಲ. ಒಬ್ಬ ಮನುಷ್ಯ ದೇವರನ್ನು ಬದಲಿಸಿದ, ಅಷ್ಟಕ್ಕೆ ಅವನ ಮರ, ಗದ್ದೆ, ಮನೆಯ ಜಗಲಿ ಎಲ್ಲ ಕೈಬಿಟ್ಟವು.

ಕಾನೂನು ಇರಲಿಲ್ಲವೇ ಎಂದರೆ ಇತ್ತು. ಮತ ಬಿಟ್ಟ ಕಾರಣಕ್ಕೆ, ಜಾತಿಯಿಂದ ಹೊರಹಾಕಿದ ಕಾರಣಕ್ಕೆ ಆಸ್ತಿಯ ಹಕ್ಕು ಹೋಗಬಾರದು ಎಂದು ಕಂಪನಿ ಸರ್ಕಾರ 1850ರಲ್ಲಿ ಕಾಯಿದೆ ಮಾಡಿತ್ತು. ಆದರೆ ತುಳುನಾಡಿನ ಬಹುಪಾಲು ಸಮುದಾಯಗಳದ್ದು ಅಳಿಯಸಂತಾನ ಕಟ್ಟು. ಅಲ್ಲಿ ಆಸ್ತಿ ಕುಟುಂಬದ್ದು. ಒಬ್ಬ ಸದಸ್ಯ ಎದ್ದು ನಿಂತು ನನ್ನ ಪಾಲು ಕತ್ತರಿಸಿ ಕೊಡಿ ಎಂದು ಕೇಳುವಂತಿರಲಿಲ್ಲ. ಕೇಳಲಾಗದ ಪಾಲನ್ನು ಕಾಯಿದೆ ಕಾಪಾಡಿದರೆಷ್ಟು, ಬಿಟ್ಟರೆಷ್ಟು? ಇನ್ನು ಗೇಣಿ ಒಕ್ಕಲಿಗೆ ಆಸ್ತಿಯೇ ಇಲ್ಲ. ಹೀಗಾಗಿ ಸಭೆಗೆ ಬಂದವರ ಹೊಟ್ಟೆಯ ಪ್ರಶ್ನೆ ನೇರವಾಗಿ ಪಾದ್ರಿಗಳ ಬಾಗಿಲಿಗೆ ಬಂತು.

ಮೊದಮೊದಲು ಅವರಿಗೆ ತೋಚಿದ್ದು ತಮ್ಮ ಊರಿನ ಕಸುಬುಗಳು. ದಕ್ಷಿಣ ಜರ್ಮನಿ, ಸ್ವಿಟ್ಜರ್ಲೆಂಡಿನ ಹಳ್ಳಿಗಳಿಂದ ಬಂದ ಈ ಮಿಶನರಿಗಳಲ್ಲಿ ಹಲವರು ಕುಶಲಕರ್ಮಿಗಳ ಮನೆಯವರು. ಬೇಸಾಯ, ಬಡಗಿ ಕೆಲಸ, ಪುಸ್ತಕ ಹೊಲಿಯುವುದು, ಗಡಿಯಾರದ ಕೆಲಸ, ಒಂದಾದ ಮೇಲೊಂದು ಪ್ರಯೋಗವಾಯಿತು. ಗಡಿಯಾರದ ಕೆಲಸ ನಿಲ್ಲಲಿಲ್ಲ. 1840ರ ದಶಕದ ಮಂಗಳೂರಿನಲ್ಲಿ ಎಷ್ಟು ಮನೆಗಳಲ್ಲಿ ಗಡಿಯಾರ ಇದ್ದೀತು ಎಂದು ಯೋಚಿಸಿದರೆ ಆಶ್ಚರ್ಯವೇನೂ ಆಗುವುದಿಲ್ಲ. ಕಲಿಸುವವನಿಗೆ ಗೊತ್ತಿರುವ ಕಸುಬು ಬೇರೆ, ಊರಿಗೆ ಬೇಕಾದ ಕಸುಬು ಬೇರೆ. ಇಂದಿನ ಕೌಶಲ್ಯ ತರಬೇತಿ ಕೇಂದ್ರಗಳಲ್ಲೂ ಎಷ್ಟು ಮಂದಿಗೆ ಪ್ರಮಾಣಪತ್ರ ಕೊಟ್ಟೆವು ಎಂಬ ಲೆಕ್ಕ ಅಚ್ಚುಕಟ್ಟಾಗಿರುತ್ತದೆ, ಅದನ್ನು ಹಿಡಿದುಕೊಂಡು ಯಾರ ಬಾಗಿಲಿಗೆ ಹೋಗಬೇಕು ಎಂಬುದು ತೆಳುವಾಗಿರುತ್ತದೆ.

ನಿಂತದ್ದು ಮುದ್ರಣ, ನೇಯ್ಗೆ ಮತ್ತು ಹೆಂಚು. 1841ರಲ್ಲಿ ಶುರುವಾದ ಮುದ್ರಣಾಲಯ ಕನ್ನಡ ಓದುಗರಿಗೆ ಚೆನ್ನಾಗಿ ಗೊತ್ತು, ಮೋಗ್ಲಿಂಗ್‌ನ ‘ಮಂಗಳೂರ ಸಮಾಚಾರ’ವೂ ಗೊತ್ತು, ಅದನ್ನಿಲ್ಲಿ ಬಿಡುತ್ತೇನೆ. ನೇಯ್ಗೆಗೆ 1851ರಲ್ಲಿ ಹಾಲರ್ ಎಂಬ ನುರಿತ ನೇಕಾರನೇ ಬಂದ. ಯುರೋಪಿನ ಮಾದರಿಯ ಮಗ್ಗ, ಬಣ್ಣದ ಮನೆ ಎರಡೂ ಬಂದವು. ಖಾಕಿ ಬಣ್ಣ ಹುಟ್ಟಿದ್ದೇ ಮಂಗಳೂರಿನ ಈ ಬಣ್ಣದ ಮನೆಯಲ್ಲಿ ಎಂಬ ಮಾತು ನಮ್ಮ ಕಡೆ ಬಹಳ ಪ್ರಿಯ. ವಾಯವ್ಯ ಗಡಿಯ ಗೈಡ್ಸ್ ಪಡೆ ಹಾಲರ್ ಬರುವ ಮೊದಲೇ, 1840ರ ದಶಕದಲ್ಲೇ, ಖಾಕಿ ತೊಟ್ಟಿತ್ತು. ಹಾಗಾಗಿ ಮಂಗಳೂರಿಗೆ ಸಲ್ಲಬೇಕಾದದ್ದು ಗಟ್ಟಿಯಾಗಿ ನಿಲ್ಲುವ ಬಣ್ಣದ ಬಟ್ಟೆಯನ್ನು ದೊಡ್ಡ ಪ್ರಮಾಣದಲ್ಲಿ ನೇಯ್ದ ಶ್ರೇಯ. ಅದೇನು ಕಡಿಮೆಯೇ? ಊರಿನ ಹೆಮ್ಮೆಗೆ ಅದು ಯಾಕೋ ಸಾಲುವುದಿಲ್ಲ.

ಹೆಂಚಿನ ಕಥೆ ಇನ್ನೂ ಸ್ವಾರಸ್ಯದ್ದು. ನದಿ ತಂದು ಹಾಕಿದ ಜೇಡಿಮಣ್ಣು ಇಲ್ಲೇ ಇತ್ತು, ಅದರಿಂದ ಕುಂಬಾರರು ನಾಡಹೆಂಚು ಮಾಡುತ್ತಲೂ ಇದ್ದರು. ಬಡವರ ಮನೆಗೆ ಮುಳಿಹುಲ್ಲು, ಬೆಂಕಿ ತಗುಲಿದರೆ ಕೇರಿಯೇ ಹೋಗುತ್ತಿತ್ತು. ಪ್ಲೆಬ್ಸ್ಟ್ ಮಾಡಿದ್ದು ಒಂದರೊಳಗೊಂದು ಕಚ್ಚಿ ಕೂರುವ ಚಪ್ಪಟೆ ಹೆಂಚನ್ನು ಯಂತ್ರದಲ್ಲಿ ಒತ್ತಿಸಿದ್ದು. ಮಣ್ಣು ಅಗೆಯುವವರು, ದೋಣಿಯಲ್ಲಿ ತರುವವರು, ಹದ ಮಾಡುವವರು, ಒತ್ತುವವರು, ನೆರಳಿನಲ್ಲಿ ಒಣಗಿಸುವವರು, ಸುಡುವವರು. ತಲೆಯ ಮೇಲೆ ಹೆಂಚು ಹೊತ್ತು ಸಾಗಿಸಲು ಹೆಂಗಸರು. ಒಂದೆರಡು ವಾರದಲ್ಲಿ ಕಲಿಯಬಹುದಾದ ಕೆಲಸದಿಂದ ಹಿಡಿದು ಬೆಂಕಿಯ ಬಣ್ಣ ನೋಡಿಯೇ ಹದ ಹೇಳುವ ಅನುಭವದವರೆಗೆ ಅಲ್ಲಿ ಎಲ್ಲಕ್ಕೂ ಜಾಗವಿತ್ತು. ಕೈಯಲ್ಲಿ ಬೇರೆ ಕಸುಬಿಲ್ಲದವನಿಗೆ ಇದು ದೊಡ್ಡ ಅನುಕೂಲ. ಮರ ಹತ್ತುತ್ತಿದ್ದವನನ್ನು ನೇಕಾರನಾಗಿ ಮಾಡಲು ವರ್ಷಗಳು ಬೇಕು, ಹೆಂಚಿನ ಕಾರ್ಖಾನೆಯಲ್ಲಿ ಅವನು ಈ ವಾರವೇ ಕೂಲಿ ಪಡೆಯಬಹುದಿತ್ತು. ಕುದ್ರೋಳಿ, ಮಲ್ಪೆ, ಕಲ್ಲಿಕೋಟೆ ಎಂದು ಕಾರ್ಖಾನೆಗಳು ಹರಡಿದ್ದಕ್ಕೆ ಮಾರುಕಟ್ಟೆಯ ಜೊತೆಗೆ ಇದೂ ಕಾರಣ ಎಂದು ನನ್ನ ಎಣಿಕೆ. ಮೊದಲ ಮಹಾಯುದ್ಧದ ಹೊತ್ತಿಗೆ ಮಿಶನ್‌ನ ಉದ್ಯಮಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಕೆಲಸಗಾರರಿದ್ದರು, ಅವರಲ್ಲಿ ಕ್ರೈಸ್ತರಲ್ಲದವರೂ ಇದ್ದರು.

ಆದರೆ ಕೆಲಸ ಕೊಟ್ಟ ಕೈ ಯಾವುದು ಎಂಬುದನ್ನು ಮರೆಯುವಂತಿಲ್ಲ. ದುಡಿಯುವ ಜಾಗ ಮಿಶನ್‌ನದ್ದು, ಅನೇಕರಿಗೆ ಮನೆಯೂ ಮಿಶನ್‌ನ ಭೂಮಿಯಲ್ಲಿ, ಮಗುವಿನ ಶಾಲೆ ಮಿಶನ್‌ನದ್ದು, ಭಾನುವಾರದ ಪೀಠ ಮಿಶನ್‌ನದ್ದು. ಕುಡಿದ, ಕೋಲಕ್ಕೆ ಹೋದ ಎಂದು ಸಭೆ ಶಿಸ್ತಿನ ಕ್ರಮ ಕೈಗೊಂಡರೆ ಆ ಮನುಷ್ಯ ಮರುದಿನ ಕಾರ್ಖಾನೆಯ ಗೇಟಿನಲ್ಲಿ ಯಾವ ಮುಖ ಹೊತ್ತು ನಿಲ್ಲಬೇಕು? ಧಣಿಯಿಂದ ಬಿಡಿಸಿಕೊಂಡು ಬಂದವನಿಗೆ ಇನ್ನೊಂದು ಧಣಿತನ, ಅಷ್ಟು ಕ್ರೂರವಲ್ಲದ್ದು, ಹೊತ್ತಿಗೆ ಸರಿಯಾಗಿ ಕೂಲಿ ಕೊಡುವಂಥದ್ದು, ಆದರೂ ಧಣಿತನವೇ. ಮಿಶನ್‌ನೊಳಗೂ ಗೊಂದಲವಿತ್ತು. ಬಡವರಿಗೆ ಕೆಲಸ ಕೊಡುವುದಕ್ಕೆಂದು ಉದ್ಯಮ ಸಮಿತಿ ಒಂದು ಕಡೆ, 1859ರಲ್ಲಿ ಹುಟ್ಟಿದ, ಲಾಭ ನೋಡಬೇಕಾದ ವ್ಯಾಪಾರ ಕಂಪನಿ ಇನ್ನೊಂದು ಕಡೆ. 1882ರಲ್ಲಿ ಉದ್ಯಮಗಳೂ ಕಂಪನಿಯ ಕೈಗೆ ಹೋದವು. ಆಮೇಲೆ ಲೆಕ್ಕ ಹಾಕುವ ಕ್ರಮವೇ ಬದಲಾಯಿತು.

ಕೆಲಸಗಾರರ ಬೆನ್ನಿಗೆ ಸ್ವಲ್ಪ ಬಲ ಬಂದದ್ದು ಹೊರಗಿನಿಂದ ಎಂದು ನನಗೆ ತೋರುತ್ತದೆ. 1868ರಲ್ಲಿ ಅಲ್ಬುಕರ್ಕ್, 1878ರಲ್ಲಿ ಆಲ್ವಾರಿಸ್, ಹೀಗೆ ಊರಿನವರೇ ನದಿಗಳ ದಡದಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಸುಡುವ ಹದ ಬಲ್ಲವನಿಗೆ ಈಗ ಎರಡನೆಯ ಬಾಗಿಲು ಇತ್ತು. ಕಲಿತ ಕಸುಬು ನಿಜವಾಗಿ ಅವನದಾಗುವುದು ಅದನ್ನು ಎತ್ತಿಕೊಂಡು ಬೇರೆ ಕಡೆ ಹೋಗಲು ಸಾಧ್ಯವಾದಾಗ ತಾನೆ?

1914ರಲ್ಲಿ ಯುದ್ಧ ಬಂತು. ಜರ್ಮನ್ ಮಿಶನರಿಗಳು ಶತ್ರು ದೇಶದವರಾದರು, ಅವರನ್ನು ಬಂಧನ ಶಿಬಿರಗಳಿಗೆ ಕಳಿಸಲಾಯಿತು. ಕಾರ್ಖಾನೆಗಳು ಸರ್ಕಾರದ ವಶಕ್ಕೆ ಹೋಗಿ, 1919ರಲ್ಲಿ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಕೈಸೇರಿದವು. ಎರಡು ತಲೆಮಾರು ಅಲ್ಲಿ ಬೆವರು ಸುರಿಸಿದವರನ್ನು ಈ ಕೈಬದಲಾವಣೆಯಲ್ಲಿ ಒಂದು ಪಕ್ಷವೆಂದು ಎಣಿಸಲಿಲ್ಲ. ಹೆಂಚಿನ ಬೆನ್ನ ಮೇಲಿನ ಹೆಸರು ಬದಲಾಯಿತು.

ಇದೇ ಮಂಗಳೂರಿನಲ್ಲಿ, ಇದೇ ಕಾಲದಲ್ಲಿ ಇನ್ನೊಂದು ಪ್ರಯತ್ನ ನಡೆದಿತ್ತು. ಅದರ ಹಿಂದೆ ಬಾಸೆಲ್‌ನ ಬಂಡವಾಳ ಇರಲಿಲ್ಲ. ಸಾರಸ್ವತ ಬ್ರಾಹ್ಮಣ, ಬ್ರಹ್ಮಸಮಾಜದ ಒಲವಿನ ವಕೀಲ ಕುದ್ಮುಲ್ ರಂಗರಾಯರು 1892ರಲ್ಲಿ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಕಟ್ಟಿದರು. ಸ್ವಂತ ಜಾತಿಯವರ ಬಹಿಷ್ಕಾರ ಉಂಡರು. ಅವರ ಬಗ್ಗೆ ಹೇಳುವಾಗ ತ್ಯಾಗದ ಮಾತೇ ಹೆಚ್ಚು ಬರುತ್ತದೆ. ನನಗೆ ಅವರ ಲೆಕ್ಕಾಚಾರ ಹೆಚ್ಚು ಇಷ್ಟ.

ಮಗು ಶಾಲೆಗೆ ಬಂದರೆ ದಿನಕ್ಕೆ ಎರಡು ಪೈಸೆ ಕೊಡುತ್ತಿದ್ದರು, ಮಧ್ಯಾಹ್ನ ಊಟವನ್ನೂ ಹಾಕುತ್ತಿದ್ದರು. ದಾನ ಎಂದು ಇದನ್ನು ಓದುವುದು ಸುಲಭ. ಧಣಿಯ ಮನೆಯ ದನ ಕಾಯುವ ಹುಡುಗ ಶಾಲೆಗೆ ಬಂದರೆ ಆ ದಿನದ ಗಂಜಿ ತಪ್ಪುತ್ತದೆ, ಆ ನಷ್ಟವನ್ನು ಯಾರಾದರೂ ತುಂಬಬೇಕು. ಕಲಿಯುವ ಹೊತ್ತಿನಲ್ಲಿ ಬಡವನ ಮನೆ ಹೇಗೆ ನಡೆಯುತ್ತದೆ ಎಂದು ಕೇಳಿಕೊಂಡ ಮನುಷ್ಯ ಮಾತ್ರ ಈ ಎರಡು ಪೈಸೆಯ ಲೆಕ್ಕ ಹಾಕಬಲ್ಲ. ಅಕ್ಷರದ ಜೊತೆ ನೇಯ್ಗೆ, ಮರಗೆಲಸವನ್ನೂ ಅವರು ಕಲಿಸಿದರು. ಇಲ್ಲಿ ಮಿಶನ್‌ಗಿದ್ದ ಅನುಕೂಲ ಅವರಿಗಿರಲಿಲ್ಲ. ಬಾಸೆಲ್‌ನ ಬಟ್ಟೆಗೆ ಅಂಗಡಿಗಳಿದ್ದವು, ಹಡಗುಗಳಿದ್ದವು, ಬಂಡವಾಳದ ಕಂಪನಿ ಇತ್ತು. ಮುಟ್ಟಿಸಿಕೊಳ್ಳದ ಊರಿನಲ್ಲಿ ದಲಿತ ಹುಡುಗ ನೇಯ್ದ ಬಟ್ಟೆಗೆ ಅಂಥ ಬೆನ್ನಾಸರೆ ಏನೂ ಇರಲಿಲ್ಲ. ರಂಗರಾಯರ ಕಸುಬಿನ ಶಾಲೆ ಜಪ್ಪುವಿನ ಕಾರ್ಖಾನೆಯಂತೆ ಬೆಳೆಯದೆ ಹೋದದ್ದಕ್ಕೆ ಕಲಿಸಿದವರ, ಕಲಿತವರ ಕೊರತೆಯನ್ನು ಹುಡುಕುವ ಅಗತ್ಯವಿಲ್ಲ.

ಅವರಿಗೆ ಇದು ಅರ್ಥವಾಗಿತ್ತೆಂದು ಅವರ ಉಳಿದ ಕೆಲಸಗಳು ಹೇಳುತ್ತವೆ. ಮಗ್ಗ, ಉಳಿ ಕೊಟ್ಟು ಅವರು ಸುಮ್ಮನೆ ಕೂರಲಿಲ್ಲ. ದಲಿತ ಕುಟುಂಬಗಳಿಗೆ ಸರ್ಕಾರದಿಂದ ಭೂಮಿ ಕೊಡಿಸಲು ಓಡಾಡಿದರು, ಆದಿದ್ರಾವಿಡರ ಸಹಕಾರ ಸಂಘ ಕಟ್ಟಿಸಿದರು, ಸ್ಥಳೀಯ ಸಂಸ್ಥೆಗಳಲ್ಲಿ ಅವರಿಗೆ ಸ್ಥಾನ ಬೇಕೆಂದು ಯತ್ನಿಸಿದರು. ತಮ್ಮ ಸಂಸ್ಥೆಯನ್ನು ಕೊನೆಗೆ ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಗೆ ಒಪ್ಪಿಸಿ, 1928ರಲ್ಲಿ ತೀರಿಕೊಂಡರು. ಜಪ್ಪುವಿನ ಕೆಲಸಗಾರ ಮಿಶನ್‌ನ ಭೂಮಿಯಲ್ಲಿ ಮನೆ ಮಾಡಿಕೊಂಡು ಪ್ರತಿ ತಿಂಗಳೂ ಕೂಲಿ ಎಣಿಸಿದ. ರಂಗರಾಯರ ಶಾಲೆಯ ಹುಡುಗನಿಗೆ ಅಂಥ ಕೂಲಿ ಸಿಗಲಿಲ್ಲ. ಆದರೆ ವಕೀಲರಾಗಿ ಜೀವಮಾನವಿಡೀ ಜಾಗದ ತಕರಾರುಗಳನ್ನು ನೋಡಿದ್ದ ಮನುಷ್ಯ ಅವನ ಕುಟುಂಬಕ್ಕಾಗಿ ಅಲೆದದ್ದು ಅವರ ಹೆಸರಿಗೇ ಒಂದು ತುಂಡು ಜಾಗ ಬರೆಸುವುದಕ್ಕೆ.