ವೇದಿ, ಹೊಲ ಮತ್ತು ಒಂದು ಸೂತ್ರ

ಶಾಲೆಯಲ್ಲಿ ಕಲಿತ ಗಣಿತದಲ್ಲಿ ಬಹುಪಾಲು ಜನರ ನೆನಪಿನಲ್ಲಿ ಉಳಿಯುವುದು ಸೂತ್ರ, ಅದರ ಕಾರಣವಲ್ಲ. ತ್ರಾಪಿಜ್ಯದ ಕ್ಷೇತ್ರಫಲದ ಸೂತ್ರವನ್ನೇ ತೆಗೆದುಕೊಳ್ಳೋಣ. ಸಮಾಂತರವಾಗಿರುವ ಎರಡು ಬಾಹುಗಳನ್ನು ಕೂಡಿಸಬೇಕು, ಅರ್ಧಮಾಡಬೇಕು, ಅವುಗಳ ನಡುವಣ ಲಂಬದಿಂದ ಗುಣಿಸಬೇಕು. ಇದನ್ನು ಬಾಯಿಪಾಠ ಒಪ್ಪಿಸಿದವರು ನಮ್ಮಲ್ಲಿ ಅನೇಕರು. ಏಕೆ ಕೂಡಿಸಬೇಕು, ಏಕೆ ಅರ್ಧಮಾಡಬೇಕು ಎಂದು ಕೇಳಿದವರು ವಿರಳ. ನಾನು ಗಣಿತಜ್ಞನಲ್ಲ; ಕನ್ನಡ ಸಾಹಿತ್ಯವನ್ನು ಓದಿ, ಪಾಠ ಹೇಳಿ ನಿವೃತ್ತನಾದವನು. ಆದರೂ ಹಳೆಯ ಗ್ರಂಥಗಳ ಜಾಡು ಹಿಡಿದು ನಡೆಯುವವನಿಗೆ ಈ ‘ಏಕೆ’ ಎಂಬ ಪ್ರಶ್ನೆಯೇ ಒಂದು ಸ್ವಾರಸ್ಯವಾದ ಚರಿತ್ರೆಯಾಗಿ ಕಾಣಿಸುತ್ತದೆ.

ನಮ್ಮ ದೇಶದಲ್ಲಿ ಆ ಚರಿತ್ರೆ ಯಜ್ಞಭೂಮಿಯಿಂದ ಮೊದಲಾಗುತ್ತದೆ. ವೇದಿಗಳನ್ನು ಅಳತೆ ತಪ್ಪದಂತೆ ರಚಿಸುವ ಬಗೆಯನ್ನು ಹೇಳುವ ಗ್ರಂಥಗಳು ಶುಲ್ಬಸೂತ್ರಗಳು. ಶುಲ್ಬವೆಂದರೆ ಹಗ್ಗ. ಹಗ್ಗವೂ ಗೂಟವೂ ಆ ಕಾಲದ ರೇಖಾಗಣಿತದ ಮುಖ್ಯ ಉಪಕರಣಗಳು. ಸೋಮಯಾಗದ ಮಹಾವೇದಿಯ ಆಕಾರ ತ್ರಾಪಿಜ್ಯದ್ದು. ಅದರ ಪಶ್ಚಿಮದ ಬಾಹು 30 ಹೆಜ್ಜೆ, ಪೂರ್ವದ ಬಾಹು 24, ಎರಡರ ನಡುವಣ ಉದ್ದ 36. ಪಶ್ಚಿಮದ ಮೂಲೆಗಳಿಗೆ ಶ್ರೋಣಿಗಳೆಂದೂ ಪೂರ್ವದ ಮೂಲೆಗಳಿಗೆ ಅಂಸಗಳೆಂದೂ ಹೆಸರು. ಸೊಂಟ ಮತ್ತು ಹೆಗಲು ಎಂದು ಅರ್ಥ. ನೆಲದ ಮೇಲಿನ ಗೆರೆಗಳನ್ನು ಆ ಪ್ರಾಚೀನರು ಒಂದು ಶರೀರವಾಗಿ ಕಂಡಿದ್ದರು.

ಈ ವೇದಿಯ ಕ್ಷೇತ್ರಫಲ ಸಾವಿರಕ್ಕೆ ಇಪ್ಪತ್ತೆಂಟು ಕಡಿಮೆ, ಅಂದರೆ 972, ಎಂದು ಆಪಸ್ತಂಬ ಶುಲ್ಬಸೂತ್ರ ಹೇಳುತ್ತದೆ. ಮಾತು ಅಲ್ಲಿಗೇ ನಿಂತಿದ್ದರೆ ಅದೂ ಒಂದು ಬಾಯಿಪಾಠವಾಗುತ್ತಿತ್ತು. ಸೂತ್ರಕಾರ ಮುಂದುವರಿದು, ಲೆಕ್ಕವನ್ನು ಕಣ್ಣಿಗೇ ಕಾಣಿಸುತ್ತಾನೆ. ದಕ್ಷಿಣದ ಹೆಗಲಿನಿಂದ ಪಶ್ಚಿಮದ ಬಾಹುವಿನವರೆಗೆ ಒಂದು ನೇರವಾದ ಗೆರೆ ಎಳೆಯಬೇಕು. ಆಗ ದಕ್ಷಿಣದ ಅಂಚಿನಲ್ಲಿ ಒಂದು ಸಪೂರವಾದ ತ್ರಿಕೋನ ಬೇರೆಯಾಗುತ್ತದೆ. ಪಶ್ಚಿಮದಲ್ಲಿ ಅದರ ಅಗಲ 3, ಉದ್ದ 36. ಅದನ್ನು ತಲೆಕೆಳಗಾಗಿ ತಿರುಗಿಸಿ ಉತ್ತರದ ಅಂಚಿಗೆ ಜೋಡಿಸಿದರೆ ಅಲ್ಲಿದ್ದ ಓರೆ ತುಂಬಿಕೊಂಡು, ಇಡೀ ವೇದಿ ಒಂದು ಆಯತವಾಗುತ್ತದೆ. ಅಗಲ 27, ಉದ್ದ 36, ಗುಣಿಸಿದರೆ 972. ಮೂವತ್ತು ಮೂರನ್ನು ಕಳೆದುಕೊಂಡಿತು, ಇಪ್ಪತ್ತನಾಲ್ಕು ಮೂರನ್ನು ಪಡೆಯಿತು, ಎರಡೂ ಇಪ್ಪತ್ತೇಳಾದವು. ಕೂಡಿಸಿ ಅರ್ಧಮಾಡುವುದು ಎಂದರೆ ಇಷ್ಟೇ: ಹೆಚ್ಚಿರುವ ಕಡೆಯಿಂದ ತೆಗೆದು ಕಡಿಮೆಯಿರುವ ಕಡೆಗೆ ಕೊಡುವುದು.

ಎರಡು ಓರೆಗಳೂ ಸಮನಾಗಿರದಿದ್ದರೆ? ಆಗಲೂ ಸೂತ್ರ ಸೋಲುವುದಿಲ್ಲ. ಮೂಲೆಯಿಂದ ಮೂಲೆಗೆ ಒಂದು ಕರ್ಣವನ್ನು ಎಳೆದರೆ ಆಕೃತಿ ಎರಡು ತ್ರಿಕೋನಗಳಾಗಿ ಒಡೆಯುತ್ತದೆ. ಒಂದಕ್ಕೆ ಕೆಳಗಿನ ಬಾಹು ಆಧಾರ, ಇನ್ನೊಂದಕ್ಕೆ ಮೇಲಿನದು. ಎತ್ತರ ಎರಡಕ್ಕೂ ಒಂದೇ. ಪ್ರತಿಯೊಂದರ ಫಲವೂ ಆಧಾರ ಮತ್ತು ಎತ್ತರಗಳ ಗುಣಲಬ್ಧದ ಅರ್ಧ. ಎರಡನ್ನೂ ಕೂಡಿಸಿದರೆ ನಮ್ಮ ಸೂತ್ರವೇ ದೊರೆಯುತ್ತದೆ. 499ರ ಆರ್ಯಭಟೀಯದಲ್ಲಿ ಈ ಸೂತ್ರ ಸ್ಪಷ್ಟವಾಗಿದೆ. ಅದಕ್ಕೆ 629ರಲ್ಲಿ ಭಾಷ್ಯ ಬರೆದ ಮೊದಲನೆಯ ಭಾಸ್ಕರ, ಯಾವುದೇ ಆಕೃತಿಯ ಫಲವನ್ನು ಆಯತವಾಗಿ ಮಾರ್ಪಡಿಸಿ ಪರೀಕ್ಷಿಸಿಕೊಳ್ಳಬೇಕೆಂದು ಹೇಳಿ, ಅದನ್ನು ಪ್ರತ್ಯಯಕರಣವೆಂದು ಕರೆದ. ಪ್ರತ್ಯಯವೆಂದರೆ ನಂಬಿಕೆ, ಇಲ್ಲಿ, ನೋಡಿ ಹುಟ್ಟಿದ ನಂಬಿಕೆ.

ಕಾರಣವನ್ನು ತಿಳಿಯುವುದು ಕೇವಲ ಬುದ್ಧಿವಿಲಾಸವೇ? ಅಲ್ಲವೆಂಬುದಕ್ಕೆ ಇನ್ನೊಂದು ಸೂತ್ರದ ಕಥೆ ಸಾಕ್ಷಿ. ನಾಲ್ಕು ಬದುಗಳುಳ್ಳ ಹೊಲವನ್ನು ಅಳೆಯಲು ಹಿಂದಿನವರು ಒಂದು ಸುಲಭೋಪಾಯವನ್ನು ಕಂಡುಕೊಂಡಿದ್ದರು. ಎದುರುಬದುರಾದ ಬದುಗಳನ್ನು ಕೂಡಿಸಿ ಅರ್ಧಮಾಡುವುದು, ಉಳಿದೆರಡನ್ನೂ ಹಾಗೆಯೇ ಮಾಡುವುದು, ಎರಡು ಅರ್ಧಗಳನ್ನು ಗುಣಿಸುವುದು. ಈಜಿಪ್ಟಿನ ಎಡ್ಫು ದೇವಾಲಯದ ಗೋಡೆಯ ಮೇಲೆ, ಟಾಲೆಮಿ ಅರಸರ ಕಾಲದಲ್ಲಿ ಕೆತ್ತಿದ ದತ್ತಿ ಭೂಮಿಗಳ ಪಟ್ಟಿಯಲ್ಲಿ, ಲೆಕ್ಕ ಮಾಡಿರುವುದು ಹೀಗೆಯೇ. ತ್ರಿಕೋನವಾದ ಹೊಲಕ್ಕೆ ನಾಲ್ಕನೆಯ ಬದು ‘ಏನೂ ಇಲ್ಲ’ ಎಂದು ಅಲ್ಲಿ ಬರೆದುಕೊಂಡಿದ್ದಾರೆ! 628ರಲ್ಲಿ ಬ್ರಹ್ಮಗುಪ್ತನೂ ಈ ಲೆಕ್ಕವನ್ನು ಹೇಳಿದ್ದಾನೆ. ಆದರೆ ಇದು ಸ್ಥೂಲವೆಂದು ಎಚ್ಚರಿಸಿ, ಸೂಕ್ಷ್ಮವಾದುದನ್ನು ಬೇರೆಯಾಗಿ ಕೊಟ್ಟಿದ್ದಾನೆ.

ಆ ಎಚ್ಚರಿಕೆಯ ಬೆಲೆಯನ್ನು ಒಂದು ಉದಾಹರಣೆಯಿಂದ ನೋಡೋಣ. ಕೆಳಗಿನ ಬದು 20 ಕೋಲು, ಮೇಲಿನ ಬದು 8, ಓರೆಯಾದ ಎರಡು ಬದುಗಳೂ ಹತ್ತು ಹತ್ತು ಕೋಲು ಇರುವ ಒಂದು ಹೊಲವಿರಲಿ. ಸುಲಭೋಪಾಯದಂತೆ 14ನ್ನು 10ರಿಂದ ಗುಣಿಸಿದರೆ 140. ಆದರೆ ಓರೆ ಬದು ಎಂದೂ ಲಂಬಕ್ಕಿಂತ ಉದ್ದ. ಇಲ್ಲಿ ಲಂಬ 8 ಕೋಲು ಮಾತ್ರ. ನಿಜವಾದ ಫಲ 112. ಕಾಲುಭಾಗದಷ್ಟು ಭೂಮಿ ಬರಿಯ ಲೆಕ್ಕದಲ್ಲಿ ಹುಟ್ಟಿಬಿಟ್ಟಿತು. ಆಯತವೊಂದನ್ನು ಬಿಟ್ಟರೆ, ಈ ಉಪಾಯದಿಂದ ಬರುವ ಫಲ ಯಾವಾಗಲೂ ಹೆಚ್ಚೇ, ಕಡಿಮೆ ಎಂಬುದಿಲ್ಲ. ಅಂಥ ಅಳತೆಯ ಮೇಲೆ ಕಂದಾಯ ಕಟ್ಟಿದರೆ ನಷ್ಟ ಯಾವಾಗಲೂ ಒಂದೇ ಪಕ್ಷಕ್ಕೆ, ಉಳುವವನಿಗೆ.

ಕನ್ನಡ ನಾಡಿನಲ್ಲಿ ಈ ವಿವೇಕವನ್ನು ಕಾಪಾಡಿದವನು ಗಣಿತಸಾರಸಂಗ್ರಹವನ್ನು ರಚಿಸಿದ ಮಹಾವೀರಾಚಾರ್ಯ. ಕವಿರಾಜಮಾರ್ಗಕ್ಕೆ ಆಶ್ರಯವಾದ ಅಮೋಘವರ್ಷ ನೃಪತುಂಗನನ್ನೇ ಅವನು ತನ್ನ ಗ್ರಂಥದ ಆರಂಭದಲ್ಲಿ ಸ್ತುತಿಸಿದ್ದಾನೆ. ವ್ಯಾವಹಾರಿಕ ಫಲ, ಸೂಕ್ಷ್ಮ ಫಲ ಎಂಬ ಎರಡು ವಿಭಾಗಗಳನ್ನೇ ಮಾಡಿ, ಒಂದನ್ನು ಇನ್ನೊಂದೆಂದು ಭ್ರಮಿಸದಂತೆ ಓದುಗನನ್ನು ಕಾಯುತ್ತಾನೆ. 1150ರಲ್ಲಿ ಲೀಲಾವತಿಯನ್ನು ಬರೆದ ಭಾಸ್ಕರಾಚಾರ್ಯನಂತೂ ಇನ್ನೂ ಕಟುವಾಗಿ ನುಡಿಯುತ್ತಾನೆ. ಲಂಬವನ್ನಾಗಲಿ ಕರ್ಣವನ್ನಾಗಲಿ ತಿಳಿಸದೆ ಚತುರ್ಭುಜದ ನಿಶ್ಚಿತ ಫಲವನ್ನು ಕೇಳುವವನು ಅವನ ದೃಷ್ಟಿಯಲ್ಲಿ ಪಿಶಾಚ! ಕೋಪದ ಹಿಂದಿರುವ ನ್ಯಾಯ ಸರಳವಾದುದು: ನಾಲ್ಕು ಬದುಗಳ ಉದ್ದ ಅದೇ ಇದ್ದರೂ ಹೊಲ ವಾಲಿದಂತೆ ಫಲ ಬದಲಾಗುತ್ತದೆ.

ಅದೇ ಶತಮಾನದಲ್ಲಿ ರಾಜಾದಿತ್ಯನು ವ್ಯವಹಾರಗಣಿತ, ಕ್ಷೇತ್ರಗಣಿತ ಮೊದಲಾದುವನ್ನು ಕನ್ನಡದಲ್ಲಿಯೇ ಬರೆದ. ಕ್ಷೇತ್ರವೆಂಬ ಮಾತಿಗೆ ಆಕೃತಿ ಎಂದೂ ಅರ್ಥ, ಹೊಲವೆಂದೂ ಅರ್ಥ. ಸಂಸ್ಕೃತ ಬಾರದ ಕರಣಿಕನೂ ಕನ್ನಡದ ಒಕ್ಕಲಿಗನೂ ಒಂದೇ ಭಾಷೆಯಲ್ಲಿ ಆ ಲೆಕ್ಕವನ್ನು ಎದುರುಬದುರು ಕುಳಿತು ನೋಡಬಹುದಾದ ದಾರಿಯನ್ನು ಅಂಥ ಗ್ರಂಥಗಳು ತೆರೆದವು. ಸೂತ್ರವನ್ನು ಮರೆತವನು, ಕಾರಣ ಗೊತ್ತಿದ್ದರೆ, ನೆಲದ ಮೇಲೊಂದು ಗೆರೆ ಎಳೆದು ಅದನ್ನು ಮತ್ತೆ ಪಡೆಯಬಲ್ಲ. ಕಾರಣವನ್ನೇ ಅರಿಯದವನು ಮಾತ್ರ, ಇಲ್ಲದ ಇಪ್ಪತ್ತೆಂಟು ಚದರ ಕೋಲಿಗೂ ಕಂದಾಯ ತೆರುತ್ತಾನೆ.