ಬೋಧನೆಯಿಂದ ಸಂಶೋಧನೆಗೆ: ರೆವರೆಂಡ್ ಉತ್ತಂಗಿ ಚನ್ನಪ್ಪನವರೂ ಕಲ್ಯಾಣದ ಸೀಮೆಯೂ

ಬಸವಕಲ್ಯಾಣದಿಂದ ಪಡುವಣಕ್ಕೆ ಹೊರಟರೆ ಉಮರ್ಗಾ, ಅದರಾಚೆ ಲೋಹಾರಾ. ಬಡಗಣಕ್ಕೆ ನಿಲಂಗಾ, ಉದಗೀರ. 1956ರವರೆಗೆ ಇವೆಲ್ಲ ಹೈದರಾಬಾದಿನ ಆಡಳಿತದಲ್ಲಿದ್ದವು. ನಿಲಂಗಾ, ಉದಗೀರಗಳಂತೂ ಬೀದರ ಜಿಲ್ಲೆಯ ತಾಲೂಕುಗಳೇ. ರಾಜ್ಯ ಪುನರ್ವಿಂಗಡಣೆಯಲ್ಲಿ ಅವು ಮುಂಬಯಿ ರಾಜ್ಯಕ್ಕೆ ಸೇರಿದವು, ಬಸವಕಲ್ಯಾಣ ಮೈಸೂರು ರಾಜ್ಯಕ್ಕೆ ಬಂತು. ಗಡಿಯ ಗೆರೆ ಎಲ್ಲೇ ಬಿದ್ದಿರಲಿ, ಈ ಸೀಮೆಯ ಶರಣ ಪರಂಪರೆಗೆ ಹನ್ನೆರಡನೆಯ ಶತಮಾನದ ಕಲ್ಯಾಣವೇ ನಡುಮನೆ. ಆ ಕಲ್ಯಾಣದಲ್ಲಿ ಶರಣರ ಗೋಷ್ಠಿಗಳು ನಡೆದವೆನ್ನುವ ಅನುಭವ ಮಂಟಪ ನಿಜವಾಗಿ ಇತ್ತೇ ಎಂಬ ಪ್ರಶ್ನೆ ಎದ್ದಾಗ, ಇತ್ತು ಎಂದು ವಾದ ಕಟ್ಟಿ ಪುಸ್ತಕ ಬರೆದವರಲ್ಲಿ ಒಬ್ಬರು ಬಾಸೆಲ್ ಮಿಶನ್ನಿನ ಬೋಧಕರು, ರೆವರೆಂಡ್ ಉತ್ತಂಗಿ ಚನ್ನಪ್ಪ. ಅವರ ಸಭಾಸೇವೆ ಮತ್ತು ಸಾಹಿತ್ಯ ಸಂಶೋಧನೆ ಬೇರೆ ಬೇರೆ ಕೆಲಸಗಳಾಗಿರಲಿಲ್ಲ, ಮೊದಲನೆಯದರ ಹೊಟ್ಟೆಯಿಂದಲೇ ಎರಡನೆಯದು ಹುಟ್ಟಿತು ಎಂಬುದು ಈ ಲೇಖನದ ಪ್ರತಿಪಾದನೆ.

ಹಿನ್ನೆಲೆ

ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂತು. ಹುಬ್ಬಳ್ಳಿ, ಬೆಟಗೇರಿ ಠಾಣ್ಯಗಳು ಅದರ ಬೆನ್ನಿಗೇ ಆರಂಭವಾದವು. ಜನರ ಭಾಷೆ ಕಲಿಯದೆ ಬೋಧನೆ ನಾಟದು ಎಂಬ ಅರಿವು ಈ ಮಿಶನ್ನಿಗೆ ಮೊದಲಿನಿಂದಲೂ ಇತ್ತು. ಮೋಗ್ಲಿಂಗರ ‘ಮಂಗಳೂರ ಸಮಾಚಾರ’ (1843), ಕಿಟ್ಟೆಲರ ನಿಘಂಟು (1894) ಈ ಅರಿವಿನ ಫಲ.

ಈ ಪರಂಪರೆಯಲ್ಲಿ ಬೆಳೆದ ಚನ್ನಪ್ಪನವರು ಹುಟ್ಟಿದ್ದು ಧಾರವಾಡದಲ್ಲಿ, 1881ರ ಅಕ್ಟೋಬರ್ 28ರಂದು. ಮನೆತನದ ಮೂಲ ಹೂವಿನಹಡಗಲಿ ಸೀಮೆಯ ಉತ್ತಂಗಿ. ಮಂಗಳೂರಿನಲ್ಲಿ ದೇವಜ್ಞಾನ ಶಿಕ್ಷಣ ಮುಗಿಸಿ ಧಾರವಾಡ, ಹುಬ್ಬಳ್ಳಿ, ಗದಗ-ಬೆಟಗೇರಿ ಸೀಮೆಯಲ್ಲಿ ಸುವಾರ್ತೆಯ ಸೇವೆಗೆ ನಿಂತರು. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಮಿಶನರಿಗಳು ಬಂಧನಕ್ಕೊಳಗಾಗಿ ದೇಶ ಬಿಡಬೇಕಾಯಿತು. ಸಭೆಗಳ ಹೊಣೆ ದೇಶೀಯ ಬೋಧಕರ ಹೆಗಲೇರಿತು. ಕ್ರಿಸ್ತನನ್ನು ಕನ್ನಡಿಗರಿಗೆ ಯಾರ ಮಾತಿನಲ್ಲಿ, ಯಾವ ರೀತಿಯಲ್ಲಿ ಹೇಳಬೇಕು ಎಂಬ ಪ್ರಶ್ನೆಗೆ ಉತ್ತರವನ್ನು ಈಗ ಅವರೇ ಹುಡುಕಬೇಕಿತ್ತು. 1921ರ ‘ಬನಾರಸಕ್ಕೆ ಬೆತ್ಲೆಹೇಮದ ವಿನಂತಿ’ ಉತ್ತಂಗಿಯವರು ಕೊಟ್ಟ ಉತ್ತರ. ಹಿಂದೂ ಪರಂಪರೆಯನ್ನು ಹಳಿಯದೆ, ಅದರ ಜೊತೆ ಗೌರವದಿಂದ ಮಾತಿಗೆ ಕೂರುವ ಧೋರಣೆ ಆ ಪುಸ್ತಕದ್ದು. ಸಭೆಯ ಒಳಗೂ ಹೊರಗೂ ಅದು ಚರ್ಚೆ ಎಬ್ಬಿಸಿತು.

ಸರ್ವಜ್ಞನ ಸಂಗ್ರಹ

ಸಂತೆ, ಜಾತ್ರೆಗಳಲ್ಲಿ ನಿಂತು ಮಾತಾಡುವ ಬೋಧಕನಿಗೆ ಸರ್ವಜ್ಞ ಒದಗಿಬಂದದ್ದು ಸಹಜ. ಓದು ಬಾರದವರ ನಾಲಿಗೆಯ ಮೇಲೂ ಆ ತ್ರಿಪದಿಗಳಿದ್ದವು. ಆದರೆ ನಂಬಬಹುದಾದ ಪಾಠ ಇರಲಿಲ್ಲ. ಕೇಳಿದ್ದನ್ನು ಬರೆದುಕೊಳ್ಳುತ್ತ, ಹಸ್ತಪ್ರತಿಗಳನ್ನು ಕೂಡಿಸುತ್ತ, ಪಾಠಾಂತರಗಳನ್ನು ಹೋಲಿಸುತ್ತ ಉತ್ತಂಗಿಯವರು ಸುಮಾರು 2000 ವಚನಗಳನ್ನು ವಿಷಯವಾರು ಹೊಂದಿಸಿ 1924ರಲ್ಲಿ ಪ್ರಕಟಿಸಿದರು.

ಈ ಕೆಲಸದ ಕಷ್ಟವನ್ನು ಹತ್ತಿರದಿಂದ ನೋಡಬೇಕು. ಮೂರು ಸಾಲು ಹೊಸೆದು ಕೊನೆಗೆ ‘ಸರ್ವಜ್ಞ’ ಎಂದು ಸೇರಿಸಿದರೆ ಯಾರ ಪದ್ಯವಾದರೂ ಅವನ ಲೆಕ್ಕಕ್ಕೆ ಹೋಗುತ್ತದೆ. ಅಸಲಿ, ನಕಲಿ ಬೇರ್ಪಡಿಸಲು ಅಂಕಿತವನ್ನು ನಂಬುವಂತಿಲ್ಲ. ತ್ರಿಪದಿಯಲ್ಲಿ ಹನ್ನೊಂದು ಅಂಶಗಣಗಳು. ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಉಳಿದವು ವಿಷ್ಣುಗಣ. ಈ ನಡೆ ತಪ್ಪಿದಲ್ಲಿ ಶಂಕೆ ಹುಟ್ಟುತ್ತದೆ. ಆದರೆ ಬಾಯಿಂದ ಬಾಯಿಗೆ ಬರುವಾಗ ಸವೆದ ಅಸಲಿ ಪದ್ಯವೂ ಛಂದಸ್ಸು ತಪ್ಪಬಹುದು. ಹಾಗಾಗಿ ಒಂದೊಂದು ಪದ್ಯಕ್ಕೂ ಓಲೆಗರಿ, ಬಾಯಿಪಾಠ, ಛಂದಸ್ಸು ಮೂರನ್ನೂ ಎದುರಿಟ್ಟುಕೊಂಡು ತೂಗಬೇಕು. ಇಂಥ ತಾಳ್ಮೆಯ ಕೆಲಸವನ್ನು ಅವರು ಸಭಾಸೇವೆಯ ದುಡಿಮೆಯ ನಡುವೆಯೇ ಪೂರೈಸಿದರು. ‘ತಿರುಳ್ಗನ್ನಡ ತಿರುಕ’ ಎಂಬ ಬಿರುದು ಅವರಿಗೆ ತಕ್ಕದ್ದೇ.

ಕಲ್ಯಾಣದ ಕಡೆಗೆ

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದಿನ ನಿಜಾಮನ ಆಳ್ವಿಕೆ ಮುಗಿಯಿತು. ಮರುವರ್ಷ ಕಲಬುರಗಿಯಲ್ಲಿ ಸೇರಿದ 32ನೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಉತ್ತಂಗಿಯವರೇ ಅಧ್ಯಕ್ಷರು. ಉರ್ದು ರಾಜಭಾಷೆಯಾಗಿದ್ದ ನಾಡಿನಲ್ಲಿ, ಬಿಡುಗಡೆಯ ಬೆನ್ನಲ್ಲೇ ಕನ್ನಡದ ಹಿರಿಯ ಪೀಠದಲ್ಲಿ ಒಬ್ಬ ಕ್ರೈಸ್ತ ಬೋಧಕರನ್ನು ಕೂರಿಸಿದ್ದು ಆ ಕಾಲದ ಕನ್ನಡಿಗರ ದೊಡ್ಡ ಮನಸ್ಸಿಗೆ ಸಾಕ್ಷಿ.

ಮುಂದಿನ ವರ್ಷಗಳಲ್ಲಿ ಅವರ ಬರವಣಿಗೆ ಕಲ್ಯಾಣದ ಸುತ್ತಲೇ ಸುತ್ತಿತು. 1950ರಲ್ಲಿ ಮೋಳಿಗೆ ಮಾರಯ್ಯ ಮತ್ತು ರಾಣಿ ಮಹಾದೇವಿಯರ ವಚನಗಳು, 1951ರಲ್ಲಿ ‘ಅನುಭವ ಮಂಟಪದ ಐತಿಹಾಸಿಕತೆ’, 1955ರಲ್ಲಿ ಸೊನ್ನಲಿಗೆಯ ಸಿದ್ಧರಾಮನ ಸಾಹಿತ್ಯ ಸಂಗ್ರಹ ಹೊರಬಂದವು. ಅನುಭವ ಮಂಟಪದ ಗೋಷ್ಠಿಗಳನ್ನು ವಿಸ್ತಾರವಾಗಿ ಚಿತ್ರಿಸುವ ಶೂನ್ಯಸಂಪಾದನೆ ಬಸವಣ್ಣನವರ ಕಾಲಕ್ಕಿಂತ ಬಹಳ ಈಚಿನದು. ಬಸವಣ್ಣನವರ ಹೆಸರು ಹೇಳುವ ಅರ್ಜುನವಾಡದ ಶಾಸನವೂ 1260ರದು. ಹೀಗಾಗಿ ಸಂಶಯಕ್ಕೆ ಆಸ್ಪದವಿತ್ತು. ಶರಣರ ಸಾಹಿತ್ಯವನ್ನೇ ಆಳವಾಗಿ ಓದಿದ್ದ ಉತ್ತಂಗಿಯವರು ಮಂಟಪದ ಐತಿಹಾಸಿಕತೆಯ ಪರ ನಿಂತರು. ಅವರ ತೀರ್ಮಾನವನ್ನು ಇಂದಿನ ಇತಿಹಾಸಕಾರರು ಪೂರ್ತಿ ಒಪ್ಪಬಹುದು, ಬಿಡಬಹುದು. ತನ್ನದಲ್ಲದ ಮತದ ಮಾತನ್ನು ಮೊದಲು ಪೂರ್ತಿ ಕೇಳಿ, ಆಮೇಲೆ ಬೆಲೆ ಕಟ್ಟುವ ಅವರ ಕ್ರಮಕ್ಕೆ ಮಾತ್ರ ಮುಪ್ಪಿಲ್ಲ.

ಉಪಸಂಹಾರ

1962ರ ಆಗಸ್ಟ್ 28ರಂದು ಉತ್ತಂಗಿಯವರು ತೀರಿಕೊಂಡರು. ಕೊನೆಯವರೆಗೂ ಅವರು ಕ್ರಿಸ್ತನ ಭಕ್ತರೇ. ಶರಣರನ್ನು ಓದಲು ಆ ಭಕ್ತಿ ಅಡ್ಡಿಯಾಗಲಿಲ್ಲ, ಬಲವಾಯಿತು. ಸರ್ವಜ್ಞನಿಗಾಗಿ ಅವರು ಮಾಡಿದಂಥ ಕೆಲಸ ಇಂದು ಕಲ್ಯಾಣದ ಗಡಿಯಾಚೆಯೂ ಆಗಬೇಕಿದೆ. ಲೋಹಾರಾ, ಉಮರ್ಗಾ, ನಿಲಂಗಾ, ಉದಗೀರ ಸೀಮೆಯಲ್ಲಿ ಮನೆಮಾತು ಕನ್ನಡವಾಗಿದ್ದು ಶಾಲೆಯಲ್ಲಿ ಮರಾಠಿ ಓದುವ ಪೀಳಿಗೆ ಬೆಳೆದಿದೆ. ಅಲ್ಲಿನ ಹಿರಿಯರ ಬಾಯಲ್ಲಿರುವ ತ್ರಿಪದಿ, ಭಜನೆ, ಬೀಸುವ ಪದಗಳನ್ನು ಊರು, ಪಾಠಾಂತರ ಸಮೇತ ದಾಖಲಿಸುವ ಕೆಲಸವನ್ನು ಗಡಿಯ ಎರಡೂ ಬದಿಯ ವಿಶ್ವವಿದ್ಯಾಲಯಗಳು, ಮಠಗಳು, ಚರ್ಚುಗಳು ಕೂಡಿ ಕೈಗೆತ್ತಿಕೊಳ್ಳಬೇಕು. ಹಾಡುವ ಹಿರಿಯರು ಇರುವಾಗಲೇ ಅದು ಆಗಬೇಕು.