ಮುಲ್ಕೋವಾಲದ ಚಿಮಟ

ನನ್ನ ದಾದಿಗೆ ಸಿಟ್ಟು ನೆತ್ತಿಗೇರಿದಾಗ ಬಾಯಿಂದ ಬರುತ್ತಿದ್ದ ಶಾಪದಲ್ಲಿ ‘ತಾವೂನ್’ ಎಂಬ ಪದವೊಂದು ಇದ್ದೇ ಇರುತ್ತಿತ್ತು. ಪಕ್ಕದ ಮನೆಯ ಅಜ್ಜಿ ಅದೇ ಸಿಟ್ಟನ್ನು ಕನ್ನಡದಲ್ಲಿ ‘ನಿನಗ ಪ್ಲೇಗ ಬಡೀಲಿ’ ಎಂದು ಹೊರಹಾಕುತ್ತಿದ್ದಳು. ಎರಡೂ ಒಂದೇ ಎಂದು ನನಗೆ ಗೊತ್ತಾದದ್ದು ಉರ್ದು ಶಾಲೆಯ ನಾಲ್ಕನೆಯ ಇಯತ್ತೆಯಲ್ಲಿ, ಮಾಸ್ತರರು ಕಠಿಣ ಪದಗಳ ಅರ್ಥ ಬರೆಸಿದ ದಿನ. ಆ ಇಬ್ಬರು ಮುದುಕಿಯರೂ ದೊಡ್ಡ ಪ್ಲೇಗನ್ನು ಕಂಡವರಲ್ಲ. ಕಂಡವರು ಅವರ ಹಿಂದಿನವರು. ರೋಗ ಹೋದರೂ ಅದರ ಹೆಸರು ಮಾತ್ರ ಎರಡು ಭಾಷೆಗಳಲ್ಲಿ ಬೈಗುಳವಾಗಿ ಉಳಿದುಕೊಂಡಿತ್ತು.

ಆ ಪ್ಲೇಗು 1896ರಲ್ಲಿ ಮುಂಬಯಿಗೆ ಬಂತು. ರೈಲಿನ ಜೊತೆಗೆ ಹುಬ್ಬಳ್ಳಿಗೂ ಬಂತು. 1898ರ ಆಗಸ್ಟಿನಲ್ಲಿ ಹುಬ್ಬಳ್ಳಿಯ ಕಡೆಯಿಂದ ಬಂದ ರೈಲ್ವೆ ನೌಕರನೊಬ್ಬನ ಮೂಲಕ ಬೆಂಗಳೂರಿಗೂ ಹಬ್ಬಿತು. ಇಂದಿನ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಹುಟ್ಟಿದ್ದೇ ಆ ಭಯದಲ್ಲಿ. ಅಲ್ಲಲ್ಲಿ ಪ್ಲೇಗಮ್ಮನ ಗುಡಿಗಳೂ ಎದ್ದವು. ಆದರೆ ಅದೇ ವರ್ಷ ಹುಬ್ಬಳ್ಳಿಯಲ್ಲಿ ನಡೆದ ಇನ್ನೊಂದು ಸಂಗತಿಯನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಆ ಊರಿನ ಮೂವತ್ತು ಸಾವಿರಕ್ಕೂ ಹೆಚ್ಚು ಜನ ತೋಳು ಚಾಚಿ, ಆಗಷ್ಟೇ ಬಂದಿದ್ದ ಹೊಸ ಸೂಜಿಮದ್ದನ್ನು ಚುಚ್ಚಿಸಿಕೊಂಡರು. ಪ್ಲೇಗಿನ ಲಸಿಕೆಯ ಇತಿಹಾಸದಲ್ಲಿ ಹುಬ್ಬಳ್ಳಿಯ ಹೆಸರು ದೊಡ್ಡ ಪ್ರಯೋಗವೆಂದೇ ದಾಖಲಾಗಿದೆ. ಆ ಮದ್ದು ತಯಾರಿಸಿದವನು ವಾಲ್ಡೆಮಾರ್ ಹಾಫ್‌ಕಿನ್.

ಹಾಫ್‌ಕಿನ್ 1860ರಲ್ಲಿ ಒಡೆಸ್ಸಾದಲ್ಲಿ ಹುಟ್ಟಿದ ಯಹೂದಿ. ಆ ಊರು ಆಗ ರಷ್ಯಾದ ಚಕ್ರವರ್ತಿಯ ಕೈಯಲ್ಲಿತ್ತು, ಈಗ ಉಕ್ರೇನಿನಲ್ಲಿದೆ. ವಿದ್ಯಾರ್ಥಿಯಾಗಿದ್ದಾಗ ಯಹೂದಿಗಳ ಮೇಲೆ ದಂಗೆಕೋರರು ಬಿದ್ದರು. ತನ್ನವರನ್ನು ಕಾಯಲು ನಿಂತ ಈತ ಗಾಯಗೊಂಡು ಜೈಲಿಗೆ ಹೋದ. ಬಿಡಿಸಿದವರು ಗುರು ಮೆಚ್ನಿಕಾಫ್. ಮುಂದೆ ಅಧ್ಯಾಪಕನಾಗಬೇಕಾದರೆ ಕ್ರೈಸ್ತನಾಗಬೇಕೆಂಬ ಷರತ್ತು ಬಂತು. ಒಪ್ಪಲಿಲ್ಲ. ಜಿನೀವಾಕ್ಕೆ ಹೋದ. ಅಲ್ಲಿಂದ ಪ್ಯಾರಿಸಿನ ಪಾಶ್ಚರ್ ಸಂಸ್ಥೆಗೆ ಬಂದ, 1889ರಲ್ಲಿ. ಸಿಕ್ಕಿದ ಹುದ್ದೆ ಗ್ರಂಥಾಲಯದ ಸಹಾಯಕನದು. ಪುಸ್ತಕ ಜೋಡಿಸಿಟ್ಟು ಉಳಿದ ಹೊತ್ತಿನಲ್ಲಿ ಕಾಲರಾಕ್ಕೆ ಮದ್ದು ಹುಡುಕಿದ. 1892ರ ಜುಲೈ 18ರಂದು ಮೊದಲು ತನಗೇ ಚುಚ್ಚಿಕೊಂಡ. ಮರುವರ್ಷ ಕಲ್ಕತ್ತೆಗೆ ಬಂದಿಳಿದ.

ಇದು ದೂರದ ರಷ್ಯಾದ ಕಥೆ ಎಂದು ಸಮಾಧಾನ ಪಟ್ಟುಕೊಳ್ಳುವಂತಿಲ್ಲ. ತಿರುವಾಂಕೂರಿನ ಡಾ. ಪಲ್ಪು ಮದರಾಸಿನಲ್ಲಿ ವೈದ್ಯಕೀಯ ಓದಿ ಊರಿಗೆ ಮರಳಿದಾಗ ಸರ್ಕಾರ ಕೆಲಸ ಕೊಡಲಿಲ್ಲ. ಅವರು ಈಳವ ಜಾತಿಯವರು, ಅಷ್ಟೇ ಕಾರಣ. ಅವರಿಗೆ ಕೆಲಸ ಕೊಟ್ಟದ್ದು ಮೈಸೂರು ಸಂಸ್ಥಾನ. ಬೆಂಗಳೂರಿಗೆ ಪ್ಲೇಗು ಬಂದಾಗ ಶಿಬಿರದಲ್ಲಿ ನಿಂತು ರೋಗಿಗಳನ್ನು ನೋಡಿಕೊಂಡವರಲ್ಲಿ ಅದೇ ಪಲ್ಪು ಇದ್ದರು. ಮುಟ್ಟಬಾರದೆಂದು ಒಂದು ರಾಜ್ಯ ದೂರವಿಟ್ಟ ಕೈಯೇ ಇನ್ನೊಂದು ರಾಜ್ಯದಲ್ಲಿ, ಯಾರೂ ಮುಟ್ಟಲೊಲ್ಲದ ರೋಗಿಗಳ ನಾಡಿ ಹಿಡಿಯಿತು.

ಮುಂಬಯಿಯಲ್ಲಿ ಹಾಫ್‌ಕಿನ್‌ಗೆ ಸರ್ಕಾರ ಕೊಟ್ಟದ್ದು ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಒಂದು ಕೋಣೆ ಮತ್ತು ಒಂದು ಓಣಿಯಂಥ ಜಾಗ. ಮೂರು ತಿಂಗಳಲ್ಲಿ ಮದ್ದು ಸಿದ್ಧವಾಯಿತು. ತಯಾರಿಸಿದ ಬಗೆ ಸ್ವಾರಸ್ಯದ್ದು. ರೋಗಾಣು ಬೆಳೆಸಲು ಮಾಂಸದ ಸಾರು ಬೇಕು. ದನದ್ದಾದರೆ ಹಿಂದೂಗಳು ಒಪ್ಪರು, ಹಂದಿಯದಾದರೆ ಮುಸ್ಲಿಮರು ಒಪ್ಪರು. ಹಾಗಾಗಿ ಆಡಿನ ಮಾಂಸದ ಸಾರು. ಅದರ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟರೆ ರೋಗಾಣುಗಳು ಆ ಹನಿಗಳಿಗೆ ಅಂಟಿಕೊಂಡು ಬಿಳಲಿನಂತೆ ಕೆಳಗಿಳಿಯುತ್ತಿದ್ದವು. ಆಮೇಲೆ ಕಾಯಿಸಿ ಅವನ್ನು ಕೊಂದು, ಕೆಡದಂತೆ ಸ್ವಲ್ಪ ಕಾರ್ಬಾಲಿಕ್ ಆಮ್ಲ ಬೆರೆಸುವುದು. 1897ರ ಜನವರಿ 10ರಂದು ಇದನ್ನೂ ಆತ ಮೊದಲು ತನ್ನ ಮೈಗೇ ಚುಚ್ಚಿಕೊಂಡ. ಜ್ವರ ಬಂತು, ಬದುಕಿದ.

ಮುಂದಿನ ಪ್ರಯೋಗ ನಡೆದದ್ದು ಬೈಕುಲಾ ಜೈಲಿನಲ್ಲಿ. ಕೈದಿಗಳು ಸ್ವಇಚ್ಛೆಯಿಂದ ಮುಂದೆ ಬಂದರು ಎಂದು ಬರೆದಿದ್ದಾರೆ. ಜೈಲಿನೊಳಗಿನ ಇಚ್ಛೆಗೆ ಎಷ್ಟು ಬೆಲೆ ಕಟ್ಟಬೇಕು ಎಂಬ ಪ್ರಶ್ನೆ ಇಂದಿನ ಸಂಶೋಧನಾ ನೀತಿಯವರು ಕೇಳುವಂಥದ್ದು, ಕೇಳಲೇಬೇಕಾದದ್ದು. ಹಾಫ್‌ಕಿನ್‌ನನ್ನು ಮೆಚ್ಚುವ ಭರದಲ್ಲಿ ನಾವದನ್ನು ಮರೆಯಬಾರದು. ಆದರೆ ಒಂದು ಮಾತು: ಸೈನಿಕರನ್ನು ಕಳಿಸಿ ಮನೆ ಹೊಕ್ಕು ರೋಗಿಗಳನ್ನು ಎಳೆದೊಯ್ಯುತ್ತಿದ್ದ ಕಾಲ ಅದು. 1897ರ ಫೆಬ್ರವರಿಯಲ್ಲಿ ಬಂದ ಸಾಂಕ್ರಾಮಿಕ ರೋಗಗಳ ಕಾಯ್ದೆ ಅಧಿಕಾರಿಗಳಿಗೆ ಮಿತಿಯಿಲ್ಲದ ಅಧಿಕಾರ ಕೊಟ್ಟಿತ್ತು. ಪುಣೆಯಲ್ಲಿ ರ‍್ಯಾಂಡನ ಮೇಲೆ ಗುಂಡು ಹಾರಿದ್ದು ಆ ಸಿಟ್ಟಿನಿಂದಲೇ. 1898ರ ಮಾರ್ಚಿನಲ್ಲಿ ಮುಂಬಯಿಯ ಮುಸ್ಲಿಂ ನೇಕಾರರ ಕೇರಿಯಲ್ಲಿ, ಹನ್ನೆರಡರ ಹುಡುಗಿಯೊಬ್ಬಳನ್ನು ಪರೀಕ್ಷಿಸಲು ಬಂದವರನ್ನು ತಡೆದದ್ದೇ ದೊಡ್ಡ ಗಲಭೆಯಾಯಿತು. ಇಂಥ ಹೊತ್ತಿನಲ್ಲಿ ಹಾಫ್‌ಕಿನ್ ಒತ್ತಾಯದ ಲಸಿಕೆ ಬೇಡವೆಂದವನು. ಜನ ನಂಬಿ ಬರಬೇಕು ಎಂಬುದು ಅವನ ಪಟ್ಟು.

ನಂಬಿಕೆ ಹುಟ್ಟಿಸಲು ನೆರವಾದವರಲ್ಲಿ ಮೂರನೆಯ ಆಗಾ ಖಾನ್ ಮುಖ್ಯರು. ಆಗ ಅವರಿಗೆ ಇಪ್ಪತ್ತರ ಆಸುಪಾಸು. ತಮ್ಮ ಖೋಜಾ ಸಮುದಾಯದವರು ಸೂಜಿಗೆ ಹೆದರಿದ್ದನ್ನು ಕಂಡು ಎಲ್ಲರೆದುರು ತಾವೇ ಚುಚ್ಚಿಸಿಕೊಂಡರು. ತಮ್ಮ ‘ಖುಶ್ರು ಲಾಜ್’ ಕಟ್ಟಡವನ್ನು ಪ್ರಯೋಗಾಲಯಕ್ಕೆ ಬಿಟ್ಟುಕೊಟ್ಟರು. ಸಾವಿರಗಟ್ಟಲೆ ಖೋಜಾಗಳು ಅವರ ಹಿಂದೆ ಬಂದರು. ಯಹೂದಿಯ ಮದ್ದಿಗೆ ಮುಸ್ಲಿಂ ಧರ್ಮಗುರುವಿನ ಮನೆ! ಅದನ್ನು ಆಗ ಯಾರೂ ವಿಶೇಷವೆಂದು ಹೇಳಿಕೊಂಡಂತೆ ಕಾಣುವುದಿಲ್ಲ. 1899ರಲ್ಲಿ ಪ್ರಯೋಗಾಲಯ ಪರೇಲಿನ ಹಳೆಯ ಗವರ್ನರ್ ಬಂಗಲೆಗೆ ಹೋಯಿತು.

ಇನ್ನು ಪಂಜಾಬಿನ ಕಥೆ. ಅಲ್ಲಿನ ಸರ್ಕಾರ 1902ರಲ್ಲಿ ಇಡೀ ಪ್ರಾಂತಕ್ಕೆ ಲಸಿಕೆ ಹಾಕಲು ಹೊರಟಿತು. ಬೇಕಾದ ಮದ್ದಿನ ಪ್ರಮಾಣ ಅಪಾರ. ಬೇಗ ತಯಾರಾಗಲೆಂದು ಹಾಫ್‌ಕಿನ್ ಕಾರ್ಬಾಲಿಕ್ ಆಮ್ಲ ಬೆರೆಸುವುದನ್ನು ಕೈಬಿಟ್ಟು ಕಾಯಿಸುವುದನ್ನಷ್ಟೇ ನೆಚ್ಚಿಕೊಂಡ. ಪಾಶ್ಚರ್ ಸಂಸ್ಥೆಯಲ್ಲಿ ಅದು ರೂಢಿಯಲ್ಲಿದ್ದ ಕ್ರಮವೇ. ಅಕ್ಟೋಬರ್ 30ರಂದು ಮುಲ್ಕೋವಾಲ ಎಂಬ ಹಳ್ಳಿಯಲ್ಲಿ ಐದು ಬಾಟಲಿಗಳಿಂದ 107 ಮಂದಿಗೆ ಸೂಜಿ ಹಾಕಿದರು. ವಾರ ಕಳೆಯುವಷ್ಟರಲ್ಲಿ ಕೆಲವರ ದವಡೆ ಬಿಗಿಯಿತು, ಬೆನ್ನು ಬಿಲ್ಲಾಯಿತು. ಧನುರ್ವಾಯು. ಸತ್ತವರು 19 ಮಂದಿ. ಹತ್ತೊಂಬತ್ತು ಜನರೂ ಒಂದೇ ಬಾಟಲಿಯಿಂದ ಮದ್ದು ಪಡೆದವರು. ಅದರ ಸಂಖ್ಯೆ 53-ಎನ್. ಉಳಿದ ನಾಲ್ಕು ಬಾಟಲಿಯವರಿಗೆ ಏನೂ ಆಗಲಿಲ್ಲ.

ವಿಚಾರಣಾ ಆಯೋಗ ಕುಳಿತಿತು. ಮುಂಬಯಿಯ ಮುಖ್ಯ ನ್ಯಾಯಮೂರ್ತಿ ಲಾರೆನ್ಸ್ ಜೆಂಕಿನ್ಸ್ ಅದರ ಮುಖ್ಯಸ್ಥರು. ಬಾಟಲಿ ತೆರೆಯುವ ಮೊದಲೇ, ಅಂದರೆ ಪರೇಲಿನಲ್ಲೇ, ಮದ್ದು ಕೆಟ್ಟಿತ್ತು ಎಂದು ಆಯೋಗ ತೀರ್ಮಾನಿಸಿತು. ಆಮ್ಲ ಬಿಟ್ಟದ್ದು ಹಾಫ್‌ಕಿನ್‌ನ ತಪ್ಪು. ಅವನನ್ನು ಹುದ್ದೆಯಿಂದ ದೂರ ಮಾಡಿದರು. 1904ರಲ್ಲಿ ಇಂಗ್ಲೆಂಡಿಗೆ ಹೊರಟುಹೋದ.

ಆದರೆ ಆಯೋಗದ ಮುಂದೆಯೇ ಇನ್ನೊಂದು ಸಾಕ್ಷ್ಯವಿತ್ತು. ಆ ಬೆಳಿಗ್ಗೆ 53-ಎನ್ ಬಾಟಲಿಯ ಬೆಣೆ ತೆಗೆಯುವ ಮುನ್ನ ಸಹಾಯಕನ ಕೈಯಿಂದ ಚಿಮಟ ನೆಲಕ್ಕೆ ಬಿದ್ದಿತ್ತು. ಅದನ್ನು ಬೆಂಕಿಗೆ ಹಿಡಿಯಲಿಲ್ಲ. ತೆಳುವಾದ ಕಾರ್ಬಾಲಿಕ್ ನೀರಿನಲ್ಲಿ ಅದ್ದಿ ಅದರಿಂದಲೇ ಬೆಣೆ ಕಿತ್ತರು. ಧನುರ್ವಾಯುವಿನ ಅಣು ಇರುವುದು ಮಣ್ಣಿನಲ್ಲಿ, ಲದ್ದಿಯಲ್ಲಿ. ಅಂಥ ನೀರಿಗೆ ಅದರ ಬೀಜಕಗಳು ಸಾಯುವಂಥವಲ್ಲ. ಮದ್ದು ಬಾಟಲಿ ಸೇರಿದ್ದು ವಾರಗಳ ಹಿಂದೆ. ಆಗಲೇ ಅಣು ಹೊಕ್ಕಿದ್ದರೆ ಮುಚ್ಚಿದ ಬಾಟಲಿಯಲ್ಲಿ ಅದು ಕೊಬ್ಬಿ ಬೆಳೆದು, ತೆರೆದೊಡನೆ ಗಬ್ಬು ವಾಸನೆ ಬರಬೇಕು. ಸೂಜಿ ಹಾಕಿದ ವೈದ್ಯರು ಮೂಸಿ ನೋಡಿದ್ದರು, ವಾಸನೆ ಇರಲಿಲ್ಲ. ತುಂಬಿ ನಿಂತ ವಿಷವನ್ನೇ ಚುಚ್ಚಿದ್ದರೆ ರೋಗ ಇನ್ನೂ ಬೇಗ ಕಾಣಿಸಬೇಕಿತ್ತು. ಒಂದು ವಾರ ಹಿಡಿದದ್ದು ಮೈಯೊಳಗೆ ಬೀಜಕ ಮೊಳೆತದ್ದಕ್ಕೆ ಸಾಕ್ಷಿ. ಇಷ್ಟು ಸರಳ ಲೆಕ್ಕ ಮೂವರು ದೊಡ್ಡ ಮನುಷ್ಯರಿಗೆ ಯಾಕೆ ಹೊಳೆಯಲಿಲ್ಲ?

ಹೊಳೆಯದಿರಲು ಕಾರಣಗಳಿದ್ದವು. ಹಾಫ್‌ಕಿನ್ ವೈದ್ಯನಲ್ಲ, ಪ್ರಾಣಿಶಾಸ್ತ್ರ ಓದಿದವನು. ಬ್ರಿಟಿಷನಲ್ಲ. ರಷ್ಯಾದವನು ಬೇರೆ, ಯಹೂದಿ ಬೇರೆ. ಸರ್ಕಾರದ ವೈದ್ಯಾಧಿಕಾರಿಗಳ ಕಣ್ಣಿಗೆ ಅವನು ಮೊದಲಿನಿಂದಲೂ ಹೊರಗಿನವನು. ಫ್ರಾನ್ಸಿನಲ್ಲಿ ಡ್ರೈಫಸ್ ಎಂಬ ಯಹೂದಿ ಸೇನಾಧಿಕಾರಿಯನ್ನು ಸುಳ್ಳು ಆರೋಪದ ಮೇಲೆ ದ್ವೀಪದ ಸೆರೆಮನೆಗೆ ಅಟ್ಟಿದ ಕಾಲವೂ ಅದೇ. ಆಯೋಗದವರು ಯಹೂದಿದ್ವೇಷದಿಂದ ತೀರ್ಪು ಬರೆದರು ಎಂದು ನಾನು ಹೇಳಲಾರೆ. ತಪ್ಪು ಯಾರ ಮೇಲೆ ಹೊರಿಸಿದರೆ ಯಾರೂ ಕೇಳುವುದಿಲ್ಲವೋ ಅವನ ಮೇಲೆ ಅದು ತಾನಾಗಿ ಜಾರಿಕೊಂಡು ಹೋಗಿ ಕೂರುತ್ತದೆ. ಅದಕ್ಕೆ ದ್ವೇಷವೇ ಬೇಕೆಂದಿಲ್ಲ.

ಆಯೋಗದ ವರದಿ ಬಹಿರಂಗವಾದದ್ದು 1906ರ ಕೊನೆಗೆ. ಮಲೇರಿಯಾ ಸಂಶೋಧನೆಗೆ ನೊಬೆಲ್ ಪಡೆದ ರೊನಾಲ್ಡ್ ರಾಸ್ ಅದನ್ನು ಓದಿ ಕೆರಳಿದರು. 1907ರ ಜುಲೈ 29ರಂದು ಲಂಡನ್ನಿನ ‘ಟೈಮ್ಸ್’ ಪತ್ರಿಕೆಯಲ್ಲಿ ರಾಸ್ ಮತ್ತು ಇತರ ವಿಜ್ಞಾನಿಗಳು, ಒಟ್ಟು ಹತ್ತು ಮಂದಿ, ಆರೋಪ ನಿಲ್ಲುವುದಿಲ್ಲವೆಂದು ಸಹಿ ಹಾಕಿ ಬರೆದರು. ವರ್ಷದ ಕೊನೆಗೆ ಸರ್ಕಾರ ಹಾಫ್‌ಕಿನ್‌ಗೆ ಮರಳಿ ಕೆಲಸ ಕೊಟ್ಟಿತು, ಕಲ್ಕತ್ತೆಯಲ್ಲಿ. ಪರೇಲಿನ ಹುದ್ದೆ ಬೇರೆಯವರ ಪಾಲಾಗಿತ್ತು. ಮನುಷ್ಯರ ಮೇಲೆ ಪ್ರಯೋಗ ನಡೆಸಲು ಮತ್ತೆ ಅನುಮತಿ ಸಿಗಲಿಲ್ಲ. ಕೆಲವು ವರ್ಷ ಕಳೆದು ನಿವೃತ್ತನಾಗಿ ಫ್ರಾನ್ಸಿಗೆ ಹೋದ. 1930ರಲ್ಲಿ ಲೊಸಾನ್ ನಗರದಲ್ಲಿ ತೀರಿಕೊಂಡ. ಪರೇಲಿನ ಪ್ರಯೋಗಾಲಯಕ್ಕೆ ಅವನ ಹೆಸರಿಟ್ಟದ್ದು 1925ರಲ್ಲಿ. ಅಷ್ಟರಲ್ಲಿ ಅಲ್ಲಿಂದ ಎರಡೂವರೆ ಕೋಟಿಗೂ ಹೆಚ್ಚು ಡೋಸ್ ಪ್ಲೇಗು ಲಸಿಕೆ ಹೊರಗೆ ಹೋಗಿತ್ತು.

ನಷ್ಟ ಅವನೊಬ್ಬನದಲ್ಲ. ಮುಲ್ಕೋವಾಲದ ನಂತರ ಪಂಜಾಬಿನ ಜನ ಸೂಜಿಯೆಂದರೆ ಓಡತೊಡಗಿದರು. 1907ರಲ್ಲಿ ದೇಶದಲ್ಲಿ ಪ್ಲೇಗಿಗೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಸತ್ತರು, ಸುಮಾರು ಅರ್ಧ ಭಾಗ ಪಂಜಾಬಿನಲ್ಲೇ.

ಕಥೆಗಾರನಾದ ನನಗೆ ಕಾಡುವವನು ಇನ್ನೊಬ್ಬ: ಚಿಮಟ ಬೀಳಿಸಿದ ಸಹಾಯಕ. ಹಾಫ್‌ಕಿನ್‌ನ ಪರ ಬರೆದವರಲ್ಲಿ ಹಲವರು ಅವನತ್ತ ಬೆರಳು ತೋರಿಸಿ ಸುಮ್ಮನಾಗಿದ್ದಾರೆ. ಸಾಹೇಬನ ತಲೆಯಿಂದ ಇಳಿದ ಹೊರೆ ಆಳಿನ ತಲೆಗೆ. ಕೈಯಲ್ಲಿದ್ದದ್ದು ಯಾರಿಗಾದರೂ ಜಾರಿ ಬೀಳುತ್ತದೆ. ಕೇಳಬೇಕಾದದ್ದು ಬೇರೆ. ಬಿದ್ದರೆ ತೆಗೆದುಕೊಳ್ಳಲು ಇನ್ನೊಂದು ಚಿಮಟ ಪಕ್ಕದಲ್ಲಿತ್ತೆ? ಬಿದ್ದದ್ದನ್ನು ಸುಡಬೇಕೆಂದು ಅವನಿಗೆ ಕಲಿಸಿದ್ದರೆ? ನೂರಾರು ಹಳ್ಳಿ ಮುಗಿಸುವ ಅವಸರದಲ್ಲಿ ಅವನನ್ನು ಅಲ್ಲಿ ನಿಲ್ಲಿಸಿದವರು ಯಾರು?

ಇಂದಿನ ಕಾಲದಲ್ಲಾದರೆ ಬಾಟಲಿಯ ಅಣುವಿನ ಜೀನೋಮ್ ಓದಿ, ನೆಲದ ಮಣ್ಣಿನದರ ಜೊತೆ ಹೋಲಿಸಿ ಹೇಳಬಹುದಿತ್ತು ಎನ್ನುವವರಿದ್ದಾರೆ. ನಿಜವೇ. ಪ್ಲೇಗಿನ ಅಣುವಿನ ಪೂರ್ತಿ ಜೀನೋಮ್ 2001ರಲ್ಲಿ ಪ್ರಕಟವಾಯಿತು. 2022ರಲ್ಲಿ ಕಿರ್ಗಿಸ್ತಾನದ ಹಳೆಯ ಗೋರಿಗಳಲ್ಲಿ, 1338-39ರಲ್ಲಿ ಸತ್ತವರ ಹಲ್ಲುಗಳಿಂದ ಅದೇ ಅಣುವಿನ ಜೀನೋಮ್ ತೆಗೆದು, ಯುರೋಪನ್ನು ಮುಗಿಸಿದ ‘ಕಪ್ಪು ಸಾವಿ’ನ ಮೂಲ ಆ ಸೀಮೆಯೆಂದು ತೋರಿಸಿದರು. ಆದರೆ ಅಣುವಿನ ವಂಶಾವಳಿ ಸಿಕ್ಕ ಮಾತ್ರಕ್ಕೆ ಅಪರಾಧಿ ಸಿಗುವುದಿಲ್ಲ. 2001ರಲ್ಲಿ ಅಮೆರಿಕದಲ್ಲಿ ಅಂಚೆಯಲ್ಲಿ ಬಂದ ಆಂಥ್ರಾಕ್ಸ್ ಪುಡಿಗೆ ಐವರು ಬಲಿಯಾದರು. ಒಬ್ಬ ವಿಜ್ಞಾನಿಯ ಮೇಲೆ ಸಂಶಯ ಬಿತ್ತು. ವರ್ಷಗಟ್ಟಲೆ ಟಿವಿಯವರು ಬೆನ್ನು ಹತ್ತಿದರು. 2008ರಲ್ಲಿ ಅವನು ನಿರ್ದೋಷಿಯೆಂದಾಗಿ, ಸರ್ಕಾರ ಐವತ್ತು ಲಕ್ಷ ಡಾಲರಿಗೂ ಹೆಚ್ಚು ಪರಿಹಾರ ಕೊಟ್ಟಿತು. ಇನ್ನೊಬ್ಬ ವಿಜ್ಞಾನಿಯ ಕಡೆ ತನಿಖೆ ತಿರುಗಿತ್ತು, ಅದೇ ವರ್ಷ ಅವನು ಆತ್ಮಹತ್ಯೆ ಮಾಡಿಕೊಂಡ. ಜೀನೋಮ್ ಸಾಕ್ಷ್ಯವೊಂದರಿಂದಲೇ ಖಚಿತ ತೀರ್ಮಾನಕ್ಕೆ ಬರಲಾಗದೆಂದು 2011ರಲ್ಲಿ ಅಲ್ಲಿನ ವಿಜ್ಞಾನ ಅಕಾಡೆಮಿಯ ಸಮಿತಿ ಹೇಳಿತು. ಯಂತ್ರ ಎಷ್ಟೇ ಸೂಕ್ಷ್ಮವಾಗಲಿ, ಮೊದಲು ಯಾರ ಮನೆಯ ಬಾಗಿಲು ತಟ್ಟಬೇಕೆಂದು ತೀರ್ಮಾನಿಸುವುದು ಮನುಷ್ಯರೇ.

ನಮ್ಮಲ್ಲಿ 2020ರ ಮಾರ್ಚಿನಲ್ಲಿ 1897ರ ಆ ಕಾಯ್ದೆಯನ್ನೇ ಮತ್ತೆ ಹೊರತೆಗೆದರು. ದೆಹಲಿಯ ನಿಜಾಮುದ್ದೀನ್ ಮರ್ಕಜಿನಲ್ಲಿ ಸೇರಿದವರಿಂದ ಸೋಂಕು ಹರಡಿದ್ದು ಸುಳ್ಳಲ್ಲ. ಅಲ್ಲಿ ಎಚ್ಚರ ತಪ್ಪಿದ್ದೂ ಸುಳ್ಳಲ್ಲ. ಆದರೆ ಆಮೇಲೆ ರೋಗಕ್ಕೇ ಟೋಪಿ ತೊಡಿಸಿದರಲ್ಲ, ಅದಕ್ಕೆ ಯಾವ ಪ್ರಯೋಗಾಲಯದ ಆಧಾರವಿತ್ತು? ನಮ್ಮ ಬೀದಿಗೆ ಹದಿನೈದು ವರ್ಷದಿಂದ ಕೈಗಾಡಿಯಲ್ಲಿ ತರಕಾರಿ ತರುತ್ತಿದ್ದವನನ್ನು ಒಂದು ಬೆಳಿಗ್ಗೆ ತಡೆದು ಆಧಾರ್ ಕಾರ್ಡ್ ತೋರಿಸೆಂದರು. ಹೆಸರು ಓದಿ ಮರಳಿ ಕಳಿಸಿದರು. ಎರಡು ತಿಂಗಳು ಅವನು ಬರಲಿಲ್ಲ. ಆ ವರ್ಷದ ಆಗಸ್ಟ್ 21ರಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ವಿದೇಶಿ ತಬ್ಲೀಗಿಗಳ ಮೇಲಿನ ಪ್ರಕರಣಗಳನ್ನು ರದ್ದು ಮಾಡಿತು. ಅವರನ್ನು ಬಲಿಪಶು ಮಾಡಿದಂತಿದೆ ಎಂದಿತು. ಆ ಸುದ್ದಿ ಪತ್ರಿಕೆಯ ಒಳಪುಟದಲ್ಲಿ ಬಂದದ್ದನ್ನು ನಾನು ಕತ್ತರಿಸಿ ಇಟ್ಟುಕೊಂಡಿದ್ದೇನೆ.

ಮರುವರ್ಷ ಲಸಿಕೆಯ ಸಾಲಿನಲ್ಲಿ ನನ್ನ ಮುಂದೆ ಅವನೇ ನಿಂತಿದ್ದ. ಚೀಟಿ ತೋರಿಸುವಾಗ ಮತ್ತೆ ಹೆಸರು ಕೇಳಿದರು, ಹೇಳಿದ. ಹಿಂದಿರುಗಿ ನನ್ನನ್ನು ಮೆಲ್ಲಗೆ ಕೇಳಿದ: ‘ಸೂಜಿ ಎಲ್ಲಾರಿಗೂ ಹೊಸಾದ ಹಾಕ್ತಾರಲ್ಲ, ಭಾಯ್?’ ಒಳಗೆ ನರ್ಸಮ್ಮ ಪೊಟ್ಟಣ ಹರಿಯುವಾಗ ಸಿರಿಂಜು ಕೈಜಾರಿ ನೆಲಕ್ಕೆ ಬಿತ್ತು. ಅದನ್ನು ಹೆಕ್ಕಿ ಕೆಂಪು ಬುಟ್ಟಿಗೆ ಹಾಕಿ, ಕೈ ಒರೆಸಿಕೊಂಡು, ಪೆಟ್ಟಿಗೆಯಿಂದ ಇನ್ನೊಂದನ್ನು ತೆಗೆದುಕೊಂಡರು. ಅವನು ಅಂಗಿಯ ತೋಳು ಮೇಲೇರಿಸಿದ.